ಕುಷ್ಠರೋಗ ಇದ್ದವರ ಕಿಡ್ನಿ: ಮೊದಲು ಉಚ್ಚೆ ಪರೀಕ್ಷೆ, ಆಮೇಲೆ ಮಾತ್ರೆ

ಕುಷ್ಠರೋಗ ಅಂದ ಕೂಡಲೇ ಎಲ್ಲರ ನೆನಪಿಗೆ ಬರುವುದು ಜೋಮು ಹಿಡಿದ ಮಚ್ಚೆ, ಮಡಚಿಕೊಂಡ ಬೆರಳು, ಪಾದದ ಹುಣ್ಣು. ಆಸ್ಪತ್ರೆಯಲ್ಲೂ ಹೆಚ್ಚುಕಡಿಮೆ ಹಾಗೇ. ಚರ್ಮ ನೋಡುತ್ತಾರೆ, ಮೊಣಕೈ ಹತ್ತಿರದ ನರ ಮುಟ್ಟಿ ನೋಡುತ್ತಾರೆ, ಕಣ್ಣು ಪೂರ್ತಿ ಮುಚ್ಚುತ್ತದಾ ಅಂತ ನೋಡುತ್ತಾರೆ. ಉಚ್ಚೆ ನೋಡುವುದು ಮಾತ್ರ ಕಡಿಮೆ. ರೋಗಿಯೂ ಕೇಳುವುದಿಲ್ಲ. ಚರ್ಮದ ಕಾಯಿಲೆಗೂ ಕಿಡ್ನಿಗೂ ಏನು ಸಂಬಂಧ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಸಂಬಂಧ ಇದೆ, ಹಳೆಯದೇ ಇದೆ. ಸರಿಯಾದ ಔಷಧಿ ಇಲ್ಲದ ಕಾಲದ ಕುಷ್ಠಧಾಮಗಳಲ್ಲಿ ಬಹಳ ಜನ ಸತ್ತದ್ದು ಕಿಡ್ನಿ ಕೈಕೊಟ್ಟು. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಡಿಟಿ, ಅಂದರೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ಪುಕ್ಕಟೆ ಸಿಗುತ್ತದೆ. ರೋಗ ಪೂರ್ತಿ ವಾಸಿಯಾಗುತ್ತದೆ. ಆದರೆ ಕಿಡ್ನಿ ವಿಷಯ ಇನ್ನೂ ಮೂಲೆಯಲ್ಲೇ ಉಳಿದಿದೆ. ಕಿಡ್ನಿ ಹಾಳಾಗುವಾಗ ಬಹಳ ಕಾಲ ನೋವೇ ಆಗುವುದಿಲ್ಲ ಅನ್ನುವುದು ಅದಕ್ಕೆ ಒಂದು ಕಾರಣ.

ಈ ಬರಹ ಕುಷ್ಠರೋಗಕ್ಕೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರಿಗೆ, ಹಿಂದೆ ತೆಗೆದುಕೊಂಡು ಮುಗಿಸಿದವರಿಗೆ, ಅವರ ಮನೆಯವರಿಗೆ. ಡಾಕ್ಟರ ಬದಲಿಗೆ ಇದನ್ನು ಇಟ್ಟುಕೊಳ್ಳಬೇಡಿ. ಡಾಕ್ಟರ ಹತ್ತಿರ ಯಾವಾಗ ಹೋಗಬೇಕು, ಏನು ಕೇಳಬೇಕು ಅಂತ ತಿಳಿಯಲು ಓದಿ.

ಯಾರಿಗೆ ಅಪಾಯ ಜಾಸ್ತಿ?

ಎಲ್ಲರಿಗೂ ಒಂದೇ ಸಮ ಅಲ್ಲ. ಒಂದೆರಡು ಮಚ್ಚೆ ಬಂದು, ಆರು ತಿಂಗಳು ಮಾತ್ರೆ ನುಂಗಿ ವಾಸಿಯಾದವರು ಹೆದರಬೇಕಾಗಿಲ್ಲ. ಐದಕ್ಕಿಂತ ಹೆಚ್ಚು ಮಚ್ಚೆ ಇದ್ದವರು, ಕಿವಿ ಹಾಲೆ ದಪ್ಪಗಾದವರು, ಮೈಯಲ್ಲಿ ಗಂಟುಗಳಿದ್ದವರು ಸ್ವಲ್ಪ ಎಚ್ಚರವಾಗಿರಬೇಕು. ಇವರ ಮೈಯಲ್ಲಿ ರೋಗಾಣು ಹೆಚ್ಚಿರುತ್ತದೆ. ಮತ್ತೆ ಮತ್ತೆ ‘ರಿಯಾಕ್ಷನ್’ (ಮೈಯಲ್ಲಿ ಉರಿಯೂತ ಇದ್ದಕ್ಕಿದ್ದಂತೆ ಕೆರಳುವುದು, ಹೆಜ್ಜೆ 4 ನೋಡಿ) ಬರುವವರು, ವರ್ಷಗಟ್ಟಲೆ ಮಾಯದ ಪಾದದ ಹುಣ್ಣು ಇರುವವರು ಇನ್ನೂ ಹೆಚ್ಚು ಎಚ್ಚರದಲ್ಲಿರಬೇಕು. ಜೊತೆಗೆ ಬಿ.ಪಿ., ಸಕ್ಕರೆ ಕಾಯಿಲೆ ಇದ್ದರಂತೂ ಕೇಳುವುದೇ ಬೇಡ.

ಒಳಗೆ ಏನಾಗುತ್ತದೆ?

ನಮ್ಮ ಮನೆಯ ಕಾಫಿ ಫಿಲ್ಟರ್ ನೆನೆಸಿಕೊಳ್ಳಿ. ಡಿಕಾಕ್ಷನ್ ಕೆಳಗಿಳಿಯಬೇಕು, ಪುಡಿ ಮೇಲೆ ಉಳಿಯಬೇಕು. ಕಿಡ್ನಿಯಲ್ಲಿ ಇಂಥ ಲಕ್ಷಾಂತರ ಸಣ್ಣ ಜರಡಿಗಳಿವೆ. ಬೇಡದ್ದು ಉಚ್ಚೆಯಲ್ಲಿ ಇಳಿದುಹೋಗಬೇಕು. ರಕ್ತಕಣ, ಪ್ರೋಟೀನ್ ಒಳಗೇ ಉಳಿಯಬೇಕು.

ಕುಷ್ಠರೋಗದಲ್ಲಿ ಈ ಜರಡಿಗೆ ಮೂರ್ನಾಲ್ಕು ದಾರಿಯಲ್ಲಿ ಪೆಟ್ಟು ಬೀಳುತ್ತದೆ. ಒಂದು, ಸತ್ತ ರೋಗಾಣುವಿನ ಚೂರುಗಳೂ ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳೂ ಅಂಟಿಕೊಂಡು ರಕ್ತದಲ್ಲಿ ತೇಲುತ್ತವೆ. ಅವು ಹೋಗಿ ಜರಡಿಯಲ್ಲಿ ಸಿಕ್ಕಿಹಾಕಿಕೊಂಡರೆ ಅಲ್ಲಿ ಉರಿಯೂತ ಶುರುವಾಗುತ್ತದೆ. ಎರಡು, ಅಮೈಲಾಯ್ಡ್. ಮೈಯಲ್ಲಿ ಉರಿಯೂತ ವರ್ಷಗಟ್ಟಲೆ ಹೊಗೆಯಾಡುತ್ತಿದ್ದರೆ ಯಕೃತ್ತು ಒಂದು ಬಗೆಯ ಪ್ರೋಟೀನನ್ನು ಲೆಕ್ಕಕ್ಕಿಂತ ಜಾಸ್ತಿ ಮಾಡುತ್ತದೆ. ಅದು ಕರಗದ ಜಿಗುಟಾಗಿ ಕಿಡ್ನಿಯಲ್ಲಿ ಕೂರುತ್ತದೆ. ಪದೇ ಪದೇ ಬರುವ ರಿಯಾಕ್ಷನ್, ಮೂಳೆವರೆಗೆ ಇಳಿದ ಪಾದದ ಹುಣ್ಣು, ಎರಡೂ ಇದಕ್ಕೆ ದಾರಿ. ಮೂರು, ಔಷಧಿಗಳು. ಅದರಲ್ಲೂ ನಾವೇ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು. ಕೆಲವರಲ್ಲಿ ಉಚ್ಚೆಯನ್ನು ಗಟ್ಟಿಮಾಡುವ ಶಕ್ತಿಯೂ ಕುಂದುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ.

ಹೆಜ್ಜೆ 1: ಮಾತ್ರೆ ನುಂಗುವ ಮೊದಲು ಉಚ್ಚೆ ಕೊಡಿ

ಈ ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ.

28 ದಿನಕ್ಕೊಮ್ಮೆ ಹೊಸ ಎಂಡಿಟಿ ಮಾತ್ರೆ ಪಟ್ಟಿ ತರಲು ಹೋಗುತ್ತೀರಿ. ಮೊದಲ ದಿನದ ದೊಡ್ಡ ಡೋಸನ್ನು ಅಲ್ಲೇ, ಸಿಬ್ಬಂದಿಯ ಎದುರಿಗೇ ನುಂಗಿಸುತ್ತಾರೆ. ಅದರಲ್ಲಿರುವ ರಿಫಾಂಪಿಸಿನ್ ಉಚ್ಚೆಯನ್ನು ಕೇಸರಿ ಕೆಂಪು ಮಾಡುತ್ತದೆ. ಉಚ್ಚೆ ಪರೀಕ್ಷೆಯ ಪಟ್ಟಿಯನ್ನು ಓದುವುದು ಬಣ್ಣ ನೋಡಿ. ಉಚ್ಚೆಗೇ ಬಣ್ಣ ಬಂದಿದ್ದರೆ ಓದುವವರಿಗೆ ಗೊಂದಲ. ಅದಕ್ಕೆ ಮೊದಲು ಉಚ್ಚೆ ಕೊಡಿ, ಆಮೇಲೆ ಮಾತ್ರೆ ನುಂಗಿ. ಬೆಳಗಿನ ಮೊದಲ ಉಚ್ಚೆಯಾದರೆ ಇನ್ನೂ ಒಳ್ಳೆಯದು. ಶುರುವಿನ ಸ್ವಲ್ಪ ಬಿಟ್ಟು ನಡುವಿನದನ್ನು ಶುದ್ಧವಾದ ಡಬ್ಬಿಯಲ್ಲಿ ಹಿಡಿಯಿರಿ. ಹೆಂಗಸರು ಮುಟ್ಟಿನ ದಿನಗಳಲ್ಲಿ ಕೊಡಬೇಡಿ, ರಕ್ತ ಇದೆ ಅಂತ ತಪ್ಪು ವರದಿ ಬರುತ್ತದೆ.

ಕೇಳಲು ಸಂಕೋಚ ಬೇಡ. ಹೀಗೆ ಹೇಳಿದರೆ ಸಾಕು: “ಸಿಸ್ಟರ್, ನಾನು ಕುಷ್ಠರೋಗದ ಮಾತ್ರೆ ತಗೋತಾ ಇದೀನಿ. ಕಿಡ್ನಿಗೆ ತೊಂದರೆ ಆಗಬಹುದಂತೆ. ಉಚ್ಚೇಲಿ ಪ್ರೋಟೀನ್, ರಕ್ತ ಇದ್ಯಾ ನೋಡಿಕೊಡಿ.” ಪಟ್ಟಿ ಅದ್ದಿ ನೋಡುವ ಈ ಪರೀಕ್ಷೆಗೆ ಒಂದೆರಡು ನಿಮಿಷ ಸಾಕು. ಬಸುರಿಯರಿಗೆ ಅಲ್ಲೇ ದಿನಾ ಮಾಡುವ ಪರೀಕ್ಷೆ ಇದು.

ವರದಿಯಲ್ಲಿ ‘ನಿಲ್’ ಅಂತ ಇದ್ದರೆ ಸಂತೋಷ. ‘ಟ್ರೇಸ್’ ಅಥವಾ ಒಂದು ಪ್ಲಸ್ ಬಂದರೆ ಗಾಬರಿ ಬೇಡ. ಜ್ವರ ಬಂದಾಗ, ಬಿಸಿಲಲ್ಲಿ ಮೈಮುರಿದು ದುಡಿದಾಗ ಅಷ್ಟು ಬರುವುದುಂಟು. ಒಂದೆರಡು ವಾರ ಬಿಟ್ಟು ಮತ್ತೆ ಮಾಡಿಸಿ. ಎರಡನೇ ಸಲವೂ ಬಂದರೆ, ಅಥವಾ ಮೊದಲ ಸಲವೇ ಎರಡು ಮೂರು ಪ್ಲಸ್ ಬಂದರೆ, ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಅಲ್ಲಿ ಉಚ್ಚೆಯ ಪ್ರೋಟೀನನ್ನು ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಒಂದು ಕಸ) ಜೊತೆ ಹೋಲಿಸಿ ಎಷ್ಟು ಸೋರುತ್ತಿದೆ ಅಂತ ಲೆಕ್ಕ ಹಾಕುತ್ತಾರೆ. ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಸೋರಿದರೆ ಅದು ದೊಡ್ಡ ಸೋರಿಕೆ. ಅಮೈಲಾಯ್ಡ್ ಇದೆಯಾ ಅಂತ ಆಗ ಹುಡುಕಲೇಬೇಕು. ಹೊಟ್ಟೆಯ ಕೊಬ್ಬಿನ ಚೂರೋ ಕಿಡ್ನಿಯ ಚೂರೋ ತೆಗೆದು, ಕಾಂಗೋ ರೆಡ್ ಎಂಬ ಬಣ್ಣ ಹಾಕಿ, ವಿಶೇಷ ಬೆಳಕಿನಲ್ಲಿ ನೋಡುತ್ತಾರೆ. ಅಮೈಲಾಯ್ಡ್ ಇದ್ದರೆ ಹಸಿರು ಸೇಬಿನ ಬಣ್ಣದಲ್ಲಿ ಹೊಳೆಯುತ್ತದೆ.

ಹೆಜ್ಜೆ 2: ಬಣ್ಣ ನೋಡಿ ಮೋಸ ಹೋಗಬೇಡಿ

ತಿಂಗಳ ಡೋಸ್ ನುಂಗಿದ ದಿನ ಉಚ್ಚೆ ಕೆಂಪಗಾದರೆ ಅದು ಮಾತ್ರೆಯ ಬಣ್ಣ. ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಇದನ್ನು ಯಾರೂ ಮೊದಲೇ ಹೇಳದೆ, ರಕ್ತ ಹೋಗ್ತಾ ಇದೆ ಅಂತ ಹೆದರಿ ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಎಂಡಿಟಿಯಲ್ಲೇ ಇರುವ ಕ್ಲೋಫಾಜಿಮಿನ್ ಮಾತ್ರೆಯಿಂದ ಚರ್ಮ ಕಪ್ಪಗೆ ಕೆಂಪಗೆ ಆಗುವುದೂ ಹೀಗೇ. ಮಾತ್ರೆ ನಿಂತ ಮೇಲೆ ತಿಂಗಳುಗಳು ಕಳೆದಂತೆ ಬಣ್ಣ ಇಳಿಯುತ್ತದೆ.

ಆದರೆ ತಿಂಗಳ ಮಧ್ಯೆ ಉಚ್ಚೆ ಕೋಲಾ ಅಥವಾ ಕಡು ಚಹಾದ ಬಣ್ಣಕ್ಕೆ ಬಂದರೆ ಅದು ಬೇರೆ ಮಾತು. ಜರಡಿಯಿಂದ ರಕ್ತ ಸೋರುತ್ತಿರಬಹುದು. ಇಲ್ಲವೇ ಎಂಡಿಟಿಯ ಇನ್ನೊಂದು ಮಾತ್ರೆಯಾದ ಡ್ಯಾಪ್ಸೋನ್‌ನಿಂದ ರಕ್ತಕಣ ಒಡೆಯುತ್ತಿರಬಹುದು. ಹಾಗಾದರೆ ಮುಖ ಬಿಳಿಚುತ್ತದೆ, ಕಣ್ಣು ಹಳದಿಯಾಗುತ್ತದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಇದು ಜೋರಾಗಿ ಆಗುತ್ತದೆ. ಅದೇ ದಿನ ಡಾಕ್ಟರನ್ನು ನೋಡಿ.

ನೊರೆ? ಉಚ್ಚೆಯಲ್ಲಿ ನೊರೆ ಬಂದು, ತುಂಬ ಹೊತ್ತು ಆರದೆ ಹಾಗೇ ನಿಂತರೆ ಪ್ರೋಟೀನ್ ಸೋರುವ ಗುರುತು ಇರಬಹುದು. ಆದರೆ ರಭಸಕ್ಕೂ ನೊರೆ ಬರುತ್ತದೆ. ನೊರೆ ಇಲ್ಲ ಅಂದ ಮಾತ್ರಕ್ಕೆ ಕಿಡ್ನಿ ಚೆನ್ನಾಗಿದೆ ಅಂತಲೂ ಅಲ್ಲ. ಪಟ್ಟಿ ಪರೀಕ್ಷೆಯೇ ವಾಸಿ.

ಹೆಜ್ಜೆ 3: ರಕ್ತ ಪರೀಕ್ಷೆ, ಬಿ.ಪಿ.

ಚಿಕಿತ್ಸೆ ಶುರುವಿನಲ್ಲೇ ಒಮ್ಮೆ ರಕ್ತದ ಕ್ರಿಯಾಟಿನಿನ್ ಮಾಡಿಸಿ ಇಟ್ಟುಕೊಳ್ಳಿ. ಮುಂದೆ ಏರುಪೇರಾದರೆ ಹೋಲಿಸಲು ಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ನರ ಕೆಟ್ಟು ಕೈಕಾಲಿನ ಮಾಂಸ ಕರಗಿದವರಲ್ಲಿ, ಸೊರಗಿದ ಮುದುಕರಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ. ಕಿಡ್ನಿ ಅರ್ಧ ಸೋತಿದ್ದರೂ ವರದಿಯಲ್ಲಿ ನಾರ್ಮಲ್ ಅಂತಲೇ ಕಾಣಬಹುದು! ಆದ್ದರಿಂದ ಕ್ರಿಯಾಟಿನಿನ್ ಒಂದನ್ನೇ ನಂಬಿ ಕೂರಬೇಡಿ, ಉಚ್ಚೆ ವರದಿ ಜೊತೆಗಿಟ್ಟು ನೋಡಲು ಹೇಳಿ. ವರದಿಯಲ್ಲಿ ಇಜಿಎಫ್‌ಆರ್ ಎಂಬ, ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಲೆಕ್ಕ ಇದ್ದರೆ ಅದನ್ನೂ ನೋಡಿ. ಮೂರು ತಿಂಗಳಾದರೂ ಅದು 60ಕ್ಕಿಂತ ಕೆಳಗೇ ಇದ್ದರೆ ಕಿಡ್ನಿ ಡಾಕ್ಟರ ಸಲಹೆ ಬೇಕು.

ಬಿ.ಪಿ.ಯನ್ನು ಆಸ್ಪತ್ರೆಗೆ ಹೋದಾಗಲೆಲ್ಲ ನೋಡಿಸಿ. ಪ್ರೋಟೀನ್ ಸೋರುತ್ತಿದ್ದರೆ ಡಾಕ್ಟರು ಎನಾಲಪ್ರಿಲ್, ಲೋಸಾರ್ಟನ್ ಥರದ ಮಾತ್ರೆ ಬರೆಯಬಹುದು. ಅವು ಬಿ.ಪಿ. ಇಳಿಸುವುದರ ಜೊತೆಗೆ ಸೋರಿಕೆಯನ್ನೂ ತಗ್ಗಿಸುತ್ತವೆ. ಶುರುಮಾಡಿದ ಒಂದೆರಡು ವಾರಕ್ಕೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತೆ ನೋಡಬೇಕು. ಬಸುರಿಯರಿಗೆ ಇವು ಆಗದು.

ಹೆಜ್ಜೆ 4: ರಿಯಾಕ್ಷನ್ ಬಂದಾಗ ಮನೆಯಲ್ಲಿ ಕೂರಬೇಡಿ

ಕಿಡ್ನಿಗೆ ನಿಜವಾದ ಕಷ್ಟದ ಕಾಲ ಇದು. ಇದ್ದಕ್ಕಿದ್ದಂತೆ ಜ್ವರ. ಮೈಮೇಲೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು. ಕೀಲು ನೋವು, ನರದ ನೋವು, ಕಣ್ಣು ಕೆಂಪು, ಗಂಡಸರಿಗೆ ವೃಷಣದ ಬಾವು. ಎರಡನೇ ಬಗೆಯ ರಿಯಾಕ್ಷನ್ ಅಂದರೆ ಇದು. ಡಾಕ್ಟರು ಚೀಟಿಯಲ್ಲಿ ಇಎನ್‌ಎಲ್ ಅಂತ ಬರೆಯುತ್ತಾರೆ. ಮೊದಲನೇ ಬಗೆಯಲ್ಲಿ ಹಳೆ ಮಚ್ಚೆಗಳೇ ಕೆಂಪಗೆ ಊದುತ್ತವೆ, ನರಕ್ಕೆ ಅಪಾಯ. ಕಿಡ್ನಿಯ ಗಲಾಟೆ ಹೆಚ್ಚಾಗಿ ಎರಡನೆಯದರಲ್ಲಿ.

ಇದು ಮಾತ್ರೆಯ ಅಲರ್ಜಿ ಅಲ್ಲ, ರೋಗ ಮರುಕಳಿಸಿದ್ದೂ ಅಲ್ಲ. ಎಂಡಿಟಿ ನಿಲ್ಲಿಸಬಾರದು. ಚಿಕಿತ್ಸೆಗೆ ಮೊದಲು, ನಡುವೆ, ಮುಗಿದು ವರ್ಷಗಳಾದ ಮೇಲೂ ಇದು ಬರಬಹುದು. ಮಾತ್ರೆ ಮುಗಿಯಿತು, ಕಾರ್ಡ್ ಮುಚ್ಚಿತು, ಇನ್ನು ನಮಗೂ ಆಸ್ಪತ್ರೆಗೂ ಸಂಬಂಧ ಇಲ್ಲ ಅಂದುಕೊಂಡವರೇ ಇಲ್ಲಿ ಎಡವುವುದು. ರಿಯಾಕ್ಷನ್ ಬಂದಷ್ಟೂ ಸಲ ಉಚ್ಚೆ ಪರೀಕ್ಷೆ ಮಾಡಿಸಿ. ರಿಯಾಕ್ಷನ್ ಇಳಿದ ಮೇಲೆ ಇನ್ನೊಮ್ಮೆ ಮಾಡಿಸಿ, ಸೋರಿಕೆ ನಿಂತಿದೆಯಾ ಅಂತ ತಿಳಿಯಲು.

ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಎಂಬ, ಉರಿಯೂತ ಇಳಿಸುವ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ವಾರಗಟ್ಟಲೆ ನಡೆಯುವ, ನಿಧಾನವಾಗಿ ಇಳಿಸುತ್ತ ಬರುವ ಕೋರ್ಸ್ ಅದು. ಮೈ ಹಗುರಾಯಿತು ಅಂತ ನಾಲ್ಕನೇ ದಿನಕ್ಕೆ ಬಿಡಬೇಡಿ. ಮತ್ತೆ ನೋವು ಬಂತು ಅಂತ ಹಳೆ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಂಡು ನುಂಗಲೂ ಬೇಡಿ. ಅದು ಸಕ್ಕರೆ, ಬಿ.ಪಿ. ಎರಡನ್ನೂ ಏರಿಸುತ್ತದೆ. ಏರಿದ ಸಕ್ಕರೆ, ಬಿ.ಪಿ. ಕಿಡ್ನಿಯನ್ನೇ ತಿನ್ನುತ್ತವೆ. ಪದೇ ಪದೇ ರಿಯಾಕ್ಷನ್ ಬರುವವರಿಗೆ ಕ್ಲೋಫಾಜಿಮಿನ್ ಡೋಸ್ ಏರಿಸುವುದು, ಥಾಲಿಡೊಮೈಡ್ ಕೊಡುವುದು, ಹೀಗೆ ಬೇರೆ ದಾರಿಗಳಿವೆ. ಥಾಲಿಡೊಮೈಡ್ ಹೊಟ್ಟೆಯಲ್ಲಿರುವ ಮಗುವಿನ ಕೈಕಾಲು ಕೆಡಿಸುವ ಔಷಧಿ. ಬಸಿರಾಗುವ ಸಾಧ್ಯತೆ ಇರುವ ಹೆಂಗಸರು ಅದನ್ನು ಮುಟ್ಟಬಾರದು, ಮನೆಯಲ್ಲಿ ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲೂಬಾರದು.

ಹೆಜ್ಜೆ 5: ನೋವಿನ ಮಾತ್ರೆಗೆ ಕೈಹಾಕುವ ಮುಂಚೆ

ಕುಷ್ಠರೋಗದ ನರದ ನೋವು ಕೆಟ್ಟದ್ದು. ನಿದ್ದೆ ಹತ್ತುವುದಿಲ್ಲ. ಊರಿನ ಮೆಡಿಕಲ್ ಶಾಪಿನಲ್ಲಿ “ನೋವಿಗೆ ಎರಡು ಕೊಡಿ” ಅಂದರೆ ಕೊಡುತ್ತಾರೆ. ಹೆಚ್ಚಿನ ಸಲ ಅದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್. ಇವು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಜ್ವರ, ವಾಂತಿಭೇದಿ, ಬಿಸಿಲಿನಿಂದ ಮೈಯಲ್ಲಿ ನೀರು ಕಡಿಮೆ ಇದ್ದಾಗ ಎರಡು ದಿನದ ಮಾತ್ರೆಯೂ ದುಬಾರಿಯಾಗಬಹುದು. ನನಗೆ ಇದರಲ್ಲಿ ಬೇಸರದ ಸಂಗತಿ ಏನೆಂದರೆ, ಆ ನೋವಿಗೆ ಇದು ಮದ್ದೇ ಅಲ್ಲ. ನರ ಊದಿ ನೋಯುತ್ತಿದ್ದರೆ ಬೇಕಾದದ್ದು ಡಾಕ್ಟರು ಅಳತೆಮಾಡಿ ಕೊಡುವ ಪ್ರೆಡ್ನಿಸೊಲೋನ್. ತಡಮಾಡಿದರೆ ಕೈ ಮಡಚಿಕೊಳ್ಳುತ್ತದೆ, ಪಾದ ಎತ್ತಲಾಗದೆ ಜೋತುಬೀಳುತ್ತದೆ. ತಾತ್ಕಾಲಿಕವಾಗಿ ಜ್ವರ ನೋವಿಗೆ ಪ್ಯಾರಾಸಿಟಮಾಲ್ ಕೇಳಿ.

ನಾಟಿ ಔಷಧಿ, ಪುಡಿ, ಭಸ್ಮಗಳ ಬಗ್ಗೆಯೂ ಇದೇ ಮಾತು. ಪಾದರಸ, ಸೀಸ, ಪಾಷಾಣ ಬೆರೆತ ಪುಡಿಗಳು ಕಿಡ್ನಿಗೆ ನೇರ ವಿಷ. ಒಳಗೆ ಏನಿದೆ ಅಂತ ಬರೆಯದ ಪೊಟ್ಟಣ ಯಾರು ಕೊಟ್ಟರೂ ಬೇಡ.

ಹೆಜ್ಜೆ 6: ತಿಂಗಳ ಡೋಸ್ ಆದ ಮೇಲೆ ಹೀಗಾದರೆ ಓಡಿ

ಇದು ಅಪರೂಪ. ಆದರೆ ಗೊತ್ತಿರಬೇಕು. ರಿಫಾಂಪಿಸಿನ್ ನುಂಗಿದ ಕೆಲವೇ ಗಂಟೆಗಳಲ್ಲಿ ಚಳಿಜ್ವರ, ವಾಂತಿ, ಹೊಟ್ಟೆ ಅಥವಾ ಸೊಂಟದ ಪಕ್ಕೆಯಲ್ಲಿ ನೋವು ಬಂದು, ಆಮೇಲೆ ಉಚ್ಚೆ ತೀರಾ ಕಡಿಮೆಯಾದರೆ ಅಥವಾ ನಿಂತೇ ಹೋದರೆ, ಕಿಡ್ನಿ ದಿಢೀರ್ ಕೆಲಸ ನಿಲ್ಲಿಸುತ್ತಿರಬಹುದು. ಅದೇ ಹೊತ್ತಿಗೆ ದೊಡ್ಡ ಆಸ್ಪತ್ರೆಗೆ ಹೋಗಿ. ಬೇಗ ಹೋದವರಲ್ಲಿ ಹೆಚ್ಚಿನವರ ಕಿಡ್ನಿ ಚೇತರಿಸಿಕೊಳ್ಳುತ್ತದೆ, ಕೆಲವರಿಗೆ ಸ್ವಲ್ಪ ದಿನ ಡಯಾಲಿಸಿಸ್ ಬೇಕಾಗಬಹುದು. ಒಮ್ಮೆ ಹೀಗಾದವರು ಜೀವನದಲ್ಲಿ ಮತ್ತೆ ರಿಫಾಂಪಿಸಿನ್ ತೆಗೆದುಕೊಳ್ಳಬಾರದು. ಕ್ಷಯಕ್ಕೂ ಅದೇ ಔಷಧಿ ಕೊಡುತ್ತಾರೆ, ಆದ್ದರಿಂದ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಬಿಟ್ಟು ಬಿಟ್ಟು ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ನಾಲ್ಕಾರು ತಿಂಗಳು ಮಾತ್ರೆ ತಪ್ಪಿಸಿದ್ದರೆ ಹಳೆ ಪಟ್ಟಿಯಲ್ಲಿ ಉಳಿದದ್ದನ್ನು ಸುಮ್ನೆ ನುಂಗಬೇಡಿ. ಆಸ್ಪತ್ರೆಗೆ ಹೋಗಿ ಹೇಳಿ, ಅವರ ಎದುರಿಗೇ ಮತ್ತೆ ಶುರುಮಾಡಿ.

ಹೆಜ್ಜೆ 7: ಪಾದ ನೋಡಿಕೊಂಡರೆ ಕಿಡ್ನಿಯನ್ನೂ ನೋಡಿಕೊಂಡಂತೆ

ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊತ, ಸಂಜೆಗೆ ಕಾಲು ಊತ. ಪ್ರೋಟೀನ್ ಸೋರಿದಾಗ ಹೀಗಾಗುತ್ತದೆ. ರಿಯಾಕ್ಷನ್‌ನಲ್ಲೂ ಕೈಕಾಲು ಊದುತ್ತವೆ, ಹಾಗಾಗಿ ಎಲ್ಲದಕ್ಕೂ ಅದನ್ನೇ ದೂರುವುದುಂಟು. ಊತದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಿಡಿ. ಗುಳಿ ಹಾಗೇ ನಿಂತರೆ ಉಚ್ಚೆ ಪರೀಕ್ಷೆಗೆ ಹೋಗಿ.

ಜೋಮು ಹಿಡಿದ ಪಾದದಲ್ಲಿ ಊತ ಅಂದರೆ ಇನ್ನೊಂದು ಕಷ್ಟ. ನಿನ್ನೆ ಸರಿಯಿದ್ದ ಚಪ್ಪಲಿಯ ಪಟ್ಟಿ ಇವತ್ತು ಬಿಗಿ. ಆದರೆ ನೋವು ಗೊತ್ತಾಗುವುದಿಲ್ಲ. ಉಜ್ಜಿ ಗಾಯವಾಗುತ್ತದೆ, ಗಾಯ ಕೀವಾಗುತ್ತದೆ, ಹಳೆಯದಾದ ಕೀವು ಅಮೈಲಾಯ್ಡ್‌ಗೆ ದಾರಿಮಾಡುತ್ತದೆ, ಅದು ಮತ್ತೆ ಕಿಡ್ನಿಗೆ. ಊತ ಇದ್ದ ದಿನ ಎಂಸಿಆರ್ ಚಪ್ಪಲಿಯ ಪಟ್ಟಿ ಸಡಿಲಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಮೆತ್ತನೆ ರಬ್ಬರಿನ ಚಪ್ಪಲಿ ಉಚಿತವಾಗಿ ಕೊಡುತ್ತಾರೆ, ಸವೆದರೆ ಬೇರೆ ಕೇಳಿ. ದಿನಾ ಸಂಜೆ ತಣ್ಣೀರಲ್ಲಿ ಇಪ್ಪತ್ತು ನಿಮಿಷ ಪಾದ ನೆನೆಸಿ, ಗಟ್ಟಿ ಚರ್ಮವನ್ನು ಮೆಲ್ಲಗೆ ಉಜ್ಜಿ, ಒದ್ದೆ ಇರುವಾಗಲೇ ಎಣ್ಣೆ ಹಚ್ಚಿ. ಬಿಸಿನೀರು ಬೇಡವೇ ಬೇಡ, ಸುಟ್ಟರೂ ತಿಳಿಯದು. ಹುಣ್ಣು ಆರು ವಾರ ಕಳೆದರೂ ಮಾಯದಿದ್ದರೆ, ವಾಸನೆ ಬಂದರೆ, ಮೂಳೆಗೆ ಇಳಿದಿದೆಯಾ ಅಂತ ಎಕ್ಸ್‌ರೇ ತೆಗೆಸಿ.

ಹೆಜ್ಜೆ 8: ಊಟ

ಕಿಡ್ನಿ ಚೆನ್ನಾಗಿದ್ದರೆ ಮನೆಯವರೆಲ್ಲ ತಿನ್ನುವ ಊಟವೇ ಸಾಕು. ಪಥ್ಯದ ಹೆಸರಲ್ಲಿ ಬೇಳೆ, ಮೊಟ್ಟೆ ಬಿಡಬೇಡಿ. ಊತ, ಬಿ.ಪಿ. ಇದ್ದರೆ ಉಪ್ಪು ಇಳಿಸಿ. ಅಂದರೆ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಆಸೆ ಬಿಡಬೇಕು. ಎಳನೀರು ಕಿಡ್ನಿಗೆ ತಂಪು ಅಂತ ಎಲ್ಲರೂ ಹೇಳುತ್ತಾರೆ. ಕಿಡ್ನಿ ತೀರಾ ಸೋತವರಿಗೆ ಅದರ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದು. ನೀರು ಜಾಸ್ತಿ ಕುಡಿ ಎನ್ನುವ ಉಪದೇಶವೂ ಊತ ಇದ್ದವರಿಗೆ ತಿರುಗುಬಾಣ. ಎರಡನ್ನೂ ಡಾಕ್ಟರನ್ನು ಕೇಳಿಯೇ ಮಾಡಿ.

ಹೆಜ್ಜೆ 9: ಕಿಡ್ನಿ ಸೋತೇಬಿಟ್ಟರೆ

ಕಿಡ್ನಿ ಕೆಟ್ಟಿದೆ ಅಂತ ಎಂಡಿಟಿ ನಿಲ್ಲಿಸಬೇಕಾಗಿಲ್ಲ. ರಿಫಾಂಪಿಸಿನ್, ಕ್ಲೋಫಾಜಿಮಿನ್ ಎರಡೂ ಹೆಚ್ಚಾಗಿ ಯಕೃತ್ತಿನ ದಾರಿಯಲ್ಲಿ ಹೊರಹೋಗುತ್ತವೆ. ಡ್ಯಾಪ್ಸೋನ್ ವಿಷಯದಲ್ಲಿ ಡಾಕ್ಟರು ರಕ್ತದ ಹಿಮೋಗ್ಲೋಬಿನ್ ನೋಡುತ್ತ ತೀರ್ಮಾನಿಸುತ್ತಾರೆ.

ಡಯಾಲಿಸಿಸ್ ಬೇಕಾದರೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಉಚಿತ. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯೂರಾಲಜಿ ಸಂಸ್ಥೆ ಕಿಡ್ನಿ ಕಾಯಿಲೆಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಕುಷ್ಠ ಅಂದ ಕೂಡಲೇ ಯಾರಾದರೂ ಹಿಂಜರಿದರೆ ಎಂಡಿಟಿ ಕಾರ್ಡ್ ತೋರಿಸಿ. ಚಿಕಿತ್ಸೆ ಮುಗಿಸಿದವರಿಂದ ರೋಗ ಯಾರಿಗೂ ಹರಡುವುದಿಲ್ಲ. ಕುಷ್ಠರೋಗದಿಂದ ಗುಣವಾಗಿ ಅಂಗವೈಕಲ್ಯ ಉಳಿದವರು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಯಲ್ಲೂ ಬರುತ್ತಾರೆ.

ಡಯಾಲಿಸಿಸ್‌ಗೆಂದು ತೋಳಿನಲ್ಲಿ ಫಿಸ್ಟುಲಾ (ಎರಡು ರಕ್ತನಾಳಗಳನ್ನು ಜೋಡಿಸುವ ಸಣ್ಣ ಆಪರೇಷನ್) ಮಾಡುವ ಮೊದಲು ಯಾವ ಕೈ ಜೋಮು ಅಂತ ಹೇಳಿ. ಫಿಸ್ಟುಲಾ ಆದ ಮೇಲೆ ಕೆಲವರಿಗೆ ಬೆರಳಿಗೆ ರಕ್ತ ಸಾಲದೆ ನೋವು ಬರುತ್ತದೆ. ಜೋಮು ಕೈಯಲ್ಲಿ ಆ ನೋವು ತಿಳಿಯದು. ದಿನಾ ಬೆರಳಿನ ಬಣ್ಣ ನೋಡಿ, ತಣ್ಣಗಾಗಿದೆಯಾ ಅಂತ ಮನೆಯವರಿಂದ ಮುಟ್ಟಿಸಿ ನೋಡಿ. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಡಯಾಲಿಸಿಸ್ ಆದರೆ ಚೀಲ ಜೋಡಿಸಲು ಬೆರಳು ಚುರುಕಾಗಿರಬೇಕು, ಮಡಚಿದ ಬೆರಳಿನವರಿಗೆ ಇನ್ನೊಬ್ಬರು ಕಲಿತು ಮಾಡಿಕೊಡಬೇಕು.

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊನೆಯದಾಗಿ ಒಂದು ಮಾತು. ಕಸಿ ಕಿಡ್ನಿ ಉಳಿಸಲು ಕೊಡುವ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್ ಮಾತ್ರೆಗಳ ಪ್ರಮಾಣವನ್ನು ರಿಫಾಂಪಿಸಿನ್ ರಕ್ತದಲ್ಲಿ ತೀರಾ ಇಳಿಸಿಬಿಡುತ್ತದೆ. ಕಸಿಯಾದ ಮೇಲೆ ಕುಷ್ಠ ಕಾಣಿಸಿಕೊಂಡರೆ ಎಂಡಿಟಿಯ ಮೊದಲ ಮಾತ್ರೆ ನುಂಗುವ ಮೊದಲೇ ಕಿಡ್ನಿ ಡಾಕ್ಟರಿಗೂ ಚರ್ಮದ ಡಾಕ್ಟರಿಗೂ ಫೋನಿನಲ್ಲಾದರೂ ಮಾತಾಡಿಕೊಳ್ಳಲು ಹೇಳಿ.